ಅದೇ ದಿನ ತಿರುಗಿ ಬರಲಾಗದ ದ್ವೀಪ

ಹೈದರಾಬಾದಿನ ನಾರಾಯಣಗೂಡದ ಆ ಗಲ್ಲಿಯಲ್ಲಿ ಗೋದಾವರಿಬಾಯಿ ಸುಮ್ಮನೆ ಕೂತದ್ದನ್ನು ಕಂಡವರು ಯಾರೂ ಇಲ್ಲ. ಮದುವೆ ಮನೆಗೆ ಹೋದರೆ ಎರಡನೇ ಪಂಕ್ತಿಯ ಹೊತ್ತಿಗೆ ಸಾರಿನ ಬಕೆಟ್ಟು ಅವಳ ಕೈಯಲ್ಲಿರುತ್ತದೆ. ಟಿ.ವಿ. ಮುಂದೆ ಕೂತರೆ ತೊಡೆಯ ಮೇಲೆ ಬೇಳೆ ಹಸನು ಮಾಡುವ ಮೊರ. ಫೋನ್ ಬಂದರಂತೂ ಟೆರೇಸಿನ ನೀರಿನ ಟಾಕಿಯಿಂದ ತುಳಸಿ ಕುಂಡದವರೆಗೆ, ಕುಂಡದಿಂದ ಟಾಕಿಯವರೆಗೆ ನಡೆದೇ ನಡೆಯುತ್ತಾಳೆ. ಮಾತು ಸುಖದ್ದೋ ಜಗಳದ್ದೋ ಎಂಬುದು ಕೆಳಗಿನ ಮನೆಯವರಿಗೆ ಅವಳ ಹೆಜ್ಜೆಯ ಸದ್ದಿನಲ್ಲೇ ತಿಳಿದುಬಿಡುತ್ತದೆ. "ನಮ್ಮಾಕಿ ಕಾಲಿಗೆ ಚಕ್ರ ಕಟಗೊಂಡ ಹುಟ್ಟ್ಯಾಳ" ಎಂದು ಗಂಡ ವಾಸುದೇವರಾಯರು ಬಂದವರ ಮುಂದೆಲ್ಲ ನಗುತ್ತಾರೆ.

ಚಕ್ರಗಳೇನೋ ಇದ್ದವು, ಹೋಗಲಿಕ್ಕೆ ದಾರಿ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಮನೆ ಬಿಟ್ಟು ಒಂದು ರಾತ್ರಿಗಿಂತ ಹೆಚ್ಚು ಹೊರಗೆ ಉಳಿದವಳಲ್ಲ. ಇದಕ್ಕೆ ಕಾರಣ ದೇವರ ಮನೆಯ ಮೂಲೆಯಲ್ಲಿದ್ದ ಒಂದು ಬೀಟೆ ಮರದ ಪೆಟ್ಟಿಗೆ. ನಿಜಾಮರ ಕಾಲದಲ್ಲಿ ನೌಕರಿ ಹುಡುಕಿಕೊಂಡು ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದ ರಾಯರ ಅಜ್ಜ ಜೊತೆಗೆ ತಂದದ್ದು ಅದೊಂದನ್ನೇ. ಒಳಗೆ ಸಾಲಿಗ್ರಾಮಗಳು. ಅವಕ್ಕೆ ದಿನ ತಪ್ಪದೆ ಪೂಜೆ ಆಗಬೇಕು, ಮಡಿಯಲ್ಲಿ ಮಾಡಿದ ಅಡಿಗೆ ನೈವೇದ್ಯ ಆಗಬೇಕು. ಪೂಜೆ ರಾಯರದು, ಅಡಿಗೆ ಗೋದಾವರಿಯದು. ಅದು ಮುಗಿದ ಮೇಲೆಯೇ ರಾಯರು ಉಂಡು, ಡಬ್ಬಿ ಹಿಡಿದು, ತಮ್ಮ ಕೇಂದ್ರ ಸರ್ಕಾರದ ಕಚೇರಿಗೆ ಹೊರಡುವುದು. ಊರಿಗೆ ಹೋಗಬೇಕೆಂದರೆ ಆ ಮನೆಯಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ ಎಲ್ಲಿಗೆ ಎಂದಲ್ಲ, ನಾಳೆಯ ನೈವೇದ್ಯದ ಹೊತ್ತಿಗೆ ತಿರುಗಿ ಬರಲಿಕ್ಕೆ ಬಸ್ಸು ಅದನೋ ಇಲ್ಲೋ ಎಂದು.

ಬಸ್ಸು ಇದ್ದೇ ಇರುತ್ತಿತ್ತು. ಈ ದೇಶದಲ್ಲಿ ಎಲ್ಲಿಂದ ಎಲ್ಲಿಗಾದರೂ ಒಂದು ಬಸ್ಸು ಇದ್ದೇ ಇರುತ್ತದೆ, ಅದೇ ಗೋದಾವರಿಯ ಕರ್ಮ. ಮಂತ್ರಾಲಯಕ್ಕೆ ಹೋದರೂ ಬಸ್ಸಿತ್ತು, ತಿರುಪತಿಗೆ ಹೋದರೂ ಬಸ್ಸಿತ್ತು. ಸುರಪುರದಲ್ಲಿ ಅವಳ ಅಪ್ಪ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದಳು. ಮಧ್ಯಾಹ್ನ ಅಪ್ಪ ಅವಳ ಕೈ ಹಿಡಿದುಕೊಂಡು, "ನಾಳೆ ಹೋದ್ರ ನಡಿಯೂದಿಲ್ಲೇನವ್ವಾ?" ಎಂದು ಕೇಳಿದ. "ಸಂಜಿಕ್ಕ ಬಸ್ ಅದ ಅಪ್ಪಾ" ಎಂದಳು. ಅಪ್ಪ ಕೈ ಬಿಟ್ಟ. ಅವಳು ಬಂದಳು. ಮತ್ತೆ ಅಪ್ಪನ ಕೈ ಹಿಡಿಯುವ ಪ್ರಸಂಗ ಬರಲಿಲ್ಲ. ಆ ನೋವನ್ನು ಅವಳು ಯಾರ ಮುಂದೆಯೂ ಆಡಲಿಲ್ಲ, ಗಂಡನ ಮುಂದೆಯೂ ಇಲ್ಲ. ಹೊಟ್ಟೆಯೊಳಗೆ ಹಾಗೇ ಇಟ್ಟುಕೊಂಡು ಟೆರೇಸಿನ ಮೇಲೆ ನಡೆದಳು.

ಈ ವರ್ಷ ಮೇ ಕೊನೆಗೆ ರಾಯರ ನಿವೃತ್ತಿ. ಯುಗಾದಿ ಮುಗಿದ ಮೇಲೆ ಒಂದು ಸಂಜೆ ಅವರು ಕಚೇರಿಯಿಂದ ಬಂದು ಚಹಾ ಕುಡಿಯುತ್ತ, ಎಲ್‌ಟಿಸಿ ಇನ್ನೂ ಒಂದು ಬಾಕಿ ಉಳಿದಿದೆ ಎಂದರು. ನೌಕರರಿಗೆ ಹೆಂಡತಿ ಮಕ್ಕಳೊಡನೆ ಪ್ರವಾಸ ಹೋಗಲು ಸರ್ಕಾರ ಕೊಡುವ ಸವಲತ್ತು ಅದು, ನಿವೃತ್ತಿಯಾದರೆ ಹೋಯಿತು. ರಾಯರು ಇದನ್ನು ಹೇಳಿದ್ದು ಒಂದು ಸುದ್ದಿಯೆಂದು, ಅಷ್ಟೆ. ಆದರೆ ಗೋದಾವರಿ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, "ದ್ವೀಪಕ್ಕ ಹೋಗೋಣು" ಎಂದುಬಿಟ್ಟಳು.

"ದ್ವೀಪಕ್ಕ? ಯಾಕ?"

"ಗೊತ್ತಿಲ್ಲ. ಸುತ್ತಲೂ ನೀರಿರಬೇಕು."

ಅದು ಯಾಕೆಂದು ಅವಳಿಗೂ ಆಗ ತಿಳಿದಿರಲಿಲ್ಲ. ರಾಯರು ಇಲ್ಲವೆನ್ನಲಿಲ್ಲ. "ಹೋಗೋಣು, ಅದಕ್ಕೇನು? ಯಾವ ದ್ವೀಪ ಅಂತ ವಿಚಾರ ಮಾಡೋಣು" ಎಂದರು. ಗೋದಾವರಿ ಅಷ್ಟಕ್ಕೇ ಕುಣಿದಾಡಿದಳು. ಗಚ್ಚಿಬೌಲಿಯಲ್ಲಿರುವ ಮಗಳು ಸಂಪದಾಳಿಗೆ ಫೋನ್ ಹೋಯಿತು. ಎದುರು ಮನೆಯ ಅಂಬುಬಾಯಿಗೆ ಸುದ್ದಿ ಹೋಯಿತು. ಪಾತ್ರೆ ತಿಕ್ಕುವ ಹಂಪಮ್ಮನಿಗಂತೂ ಮರುದಿನ ಬೆಳಿಗ್ಗೆ ಬಾಗಿಲಲ್ಲೇ ಹೇಳಿದ್ದಾಯಿತು.

ಸಂಪದಾ ಫೋನಿಗೆ ವೀಡಿಯೋಗಳ ಮಳೆಯನ್ನೇ ಸುರಿಸಿದಳು. ಮಾಲ್ದೀವ್ಸು, ಬಾಲಿ, ಮಾರಿಷಸ್ಸು, ಲಕ್ಷದ್ವೀಪ, ಅಂಡಮಾನು. ಎಲ್ಲದರಲ್ಲೂ ಅದೇ ನೀಲಿ ನೀರು, ಅದೇ ತೆಂಗು, ಅದೇ ಟೋಪಿ ಹಾಕಿದ ಹುಡುಗಿ. ಗೋದಾವರಿ ಒಂದೊಂದನ್ನೂ ಗಂಡನಿಗೆ ತೋರಿಸುವಳು. ಮಾಲ್ದೀವ್ಸು ಪರದೇಶ, ಎಲ್‌ಟಿಸಿ ನಡೆಯುವುದಿಲ್ಲ, ಪಾಸ್‌ಪೋರ್ಟೂ ಇಲ್ಲ. ಬಾಲಿಯ ಜನ ನಮ್ಮವರೇ ಅಂತಾರೆ, ಆದರೆ ತಿನ್ನುವುದು ಏನೇನೋ. ಶ್ರೀಲಂಕಾ ಅಂದರೆ ರಾವಣನ ಊರು, ರಾಮದೇವರೇ ಕೆಲಸ ಮುಗಿದ ಮೇಲೆ ಒಂದು ದಿನ ನಿಲ್ಲಲಿಲ್ಲ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು. ಅಂಡಮಾನು ಜೈಲಿನ ಊರು. ಸಮುದ್ರ ಸ್ನಾನವಂತೂ ಹುಣ್ಣಿಮೆ ಅಮಾವಾಸ್ಯೆಗೆ ಮಾತ್ರ, ಉಳಿದ ದಿನ ದೂರದಿಂದ ಕೈಮುಗಿಯಬೇಕು. ಇಷ್ಟೆಲ್ಲ ಹೇಳಿದರೂ ರಾಯರು ಬೇಡ ಎಂಬ ಶಬ್ದವನ್ನು ಮಾತ್ರ ಬಾಯಿಂದ ತೆಗೆಯಲಿಲ್ಲ. "ಇನ್ನೊಂದು ನೋಡೋಣು" ಎನ್ನುವರು. ಅವಳು ಇನ್ನೊಂದು ನೋಡುವಳು.

ಹೀಗೆ ನೋಡುತ್ತ ನೋಡುತ್ತ ಏಪ್ರಿಲ್ ಕಳೆಯಿತು. ಹಂಪಮ್ಮ ದಿನಾ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, "ಅವ್ವಾರ, ಯಾವಾಗ ಹೊಂಟೀರಿ? ನಮ್ಮೋಣ್ಯಾಗ ಎಲ್ಲಾರಿಗೂ ಹೇಳೀನಿ. ಅಲ್ಲಿ ನೀರು ಭಾಳ ಐತಂತಲ್ರಿ?" ಎಂದು ಕೇಳುವಳು. ಗೋದಾವರಿಗೆ ನಾಚಿಕೆಯಾಗುತ್ತಿತ್ತು. ಅವಳ ತಳಮಳ ಹೆಚ್ಚಿತು. ಒಂದು ದಿನ ಗಂಡ ಕಚೇರಿಗೆ ಹೋದದ್ದೇ ಒಳ್ಳೆ ಸೀರೆ ಉಟ್ಟುಕೊಂಡು ಮೆಟ್ರೋ ಹತ್ತಿ, ನಡುವೆ ಗಾಡಿ ಬದಲಿಸಿ, ಮಾದಾಪುರದ ಒಂದು ಟ್ರಾವೆಲ್ ಆಫೀಸಿಗೆ ಹೋದಳು. ಮೆಟ್ರೋದಲ್ಲಿ ಸೀಟು ಸಿಕ್ಕರೂ ಕೂಡದೆ ಬಾಗಿಲ ಹತ್ತಿರವೇ ನಿಂತಿದ್ದಳು. ಅಲ್ಲಿ ಟೈ ಕಟ್ಟಿದ ಹುಡುಗ ತಣ್ಣನೆ ನೀರು ಕೊಟ್ಟು, ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ, ನಿಮಗೆ ಬೀಚ್ ಪ್ಯಾಕೇಜೋ, ಅಡ್ವೆಂಚರ್ ಪ್ಯಾಕೇಜೋ, ಫ್ಯಾಮಿಲಿ ಪ್ಯಾಕೇಜೋ ಎಂದು ಕೇಳಿದ. ಅಲ್ಲಿ ಹೋಗಿ ಏನೇನು ಮಾಡುವ ಆಸೆ ಎಂದೂ ಕೇಳಿದ.

"ಕುಛ್ ನಹೀ. ಸಿರ್ಫ್ ಬೈಠ್‌ನಾ ಹೈ" ಎಂದಳು.

ಸುಮ್ಮನೆ ಕೂಡುವ ಪ್ಯಾಕೇಜು ಅವನ ಕಂಪ್ಯೂಟರಿನಲ್ಲಿ ಇರಲಿಲ್ಲ. ಆದರೂ ಪಾಪ, ಕಷ್ಟಪಟ್ಟು ಹುಡುಕಿ, ಮೇ ಕೊನೆಯ ವಾರಕ್ಕೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗುವ ವಿಮಾನ ತೋರಿಸಿದ. ಮಳೆ ಶುರುವಾಗುವ ಕಾಲ, ಜನ ಕಡಿಮೆ, ನಿಮಗೆ ಕೂಡಲಿಕ್ಕೆ ಅನುಕೂಲ ಎಂದ. ಗೋದಾವರಿ ಆ ತಾರೀಖುಗಳನ್ನು ಬಾಯಲ್ಲಿ ಗುಣುಗುಣಿಸುತ್ತಲೇ ಮನೆಗೆ ಬಂದಳು.

ಸಂಜೆ ಹೇಳಿದಾಗ ರಾಯರು ಪಂಚಾಂಗ ತೆಗೆದು, ಬೆರಳು ಮಡಚಿ, ಕನ್ನಡಕ ಏರಿಸಿ ನೋಡಿದರು. ಆಮೇಲೆ ದುಃಖದ ಮುಖ ಮಾಡಿ, "ಆಗೂದಿಲ್ಲ ನೋಡು ಗೋದಾ. ಜ್ಯೇಷ್ಠ ಶುದ್ಧ ದಶಮಿ ಸರಿಯಾಗಿ ನಡುವ ಬರ್ತದ. ಅವ್ವನ ಶ್ರಾದ್ಧ" ಎಂದರು.

ಅತ್ತೆಯ ಶ್ರಾದ್ಧ ಎಂದಮೇಲೆ ಮಾತೆಲ್ಲಿ? ಹೇಳಿ ಕೇಳಿ ಗಲ್ಲಿಯ ಮಂದಿಯೆಲ್ಲ ತಿಥಿ ಕೇಳಲಿಕ್ಕೆ ಬರುವುದು ರಾಯರ ಹತ್ತಿರ. ಆ ಮನೆಯಲ್ಲಿ ಯಾವ ದಿನ ಏನು ಎಂಬುದು ಅವರು ಹೇಳಿದ್ದೇ ಸೈ. ಅತ್ತೆಯ ದಿನವನ್ನು ಮರೆತು ಸಮುದ್ರದ ಕನಸು ಕಂಡೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಮೇ ಕೊನೆ ದಾಟಿದರೆ ನಿವೃತ್ತಿ, ಮೊದಲಿನ ವಾರಗಳಲ್ಲಿ ರಾಯರಿಗೆ ಕಚೇರಿಯ ಲೆಕ್ಕ ಒಪ್ಪಿಸುವ ಗಡಿಬಿಡಿ. ಅಂದರೆ ಮುಗಿಯಿತು. ಅವಳು ಎದ್ದು ಹೋಗಿ, ಒಗೆದು ಮಡಚಿಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ ಮತ್ತೆ ಮಡಚಿದಳು.

ಒಂದು ವಾರ ಅವಳ ಕಾಲು ಇನ್ನೂ ಜೋರಾದವು. ಕಪಾಟಿನ ಜಾಗ ಬದಲಾಯಿತು, ಮರುದಿನ ತಿರುಗಿ ಮೊದಲಿನ ಜಾಗಕ್ಕೆ ಬಂತು. ಮೆಟ್ರೋ ಹತ್ತಿ ಕೊನೆಯ ಸ್ಟೇಷನ್ನಿನವರೆಗೆ ಹೋಗಿ, ಕೆಳಗೆ ಕೂಡ ಇಳಿಯದೆ, ಅದೇ ಗಾಡಿಯಲ್ಲಿ ತಿರುಗಿ ಬಂದಳು. ನೈವೇದ್ಯ ಮಾತ್ರ ಒಂದು ದಿನವೂ ತಡವಾಗಲಿಲ್ಲ.

ಆ ಭಾನುವಾರ ಅಂಬುಬಾಯಿ ಬಂದರು. ಎಪ್ಪತ್ತು ದಾಟಿದ ಮುದುಕಿ. ಗಂಡ ಹೋಗಿ ಬಹಳ ವರ್ಷವಾಗಿತ್ತು. ರಾಯರನ್ನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಬಲ್ಲವರಾದ್ದರಿಂದ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಗೋದಾವರಿ ಒಳಗೆ ಕೊತ್ತಂಬರಿ ಬಿಡಿಸುತ್ತಿದ್ದಳು. ಹೊರಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಏ ವಾಸುದೇವಾ, ನಮ್ಮವರ ಶ್ರಾದ್ಧ ಜ್ಯೇಷ್ಠ ಶುದ್ಧ ದ್ವಾದಶಿ. ಮಗಗ ರಜಾ ತಗೋ ಅಂತ ಹೇಳಬೇಕು. ಯಾವಾಗ ಬರ್ತದ ನೋಡಿ ಹೇಳು."

ರಾಯರು ಪಂಚಾಂಗ ತೆಗೆಯಲೂ ಇಲ್ಲ. "ಅವಸರ ಇಲ್ಲ ಮಾವಶಿ. ಈ ವರ್ಷ ಜ್ಯೇಷ್ಠ ಎರಡು ಸಲ ಬಂದದ. ಮೊದಲನೇದು ಅಧಿಕ ಮಾಸ, ಅದರಾಗ ವರ್ಷದ ಶ್ರಾದ್ಧ ಮಾಡೂದಿಲ್ಲ. ಎರಡನೇದರಾಗ ಮಾಡೋದು. ಅಂದ್ರ ಜೂನ್ ಕಡಿಗೆ ಬರ್ತದ" ಎಂದರು.

ಒಳಗೆ ಕೊತ್ತಂಬರಿ ಬಿಡಿಸುವ ಕೈ ನಿಂತಿತು. ಇದು ಗೋದಾವರಿಗೆ ತಿಳಿಯದ ವಿಷಯವೇನಲ್ಲ. ಅಧಿಕ ಮಾಸ ಎಂದರೇನೆಂದು ಆ ಮನೆಗಳ ಸಣ್ಣ ಹುಡುಗಿಯರಿಗೂ ಗೊತ್ತು. ಅತ್ತೆಯ ಹೆಸರು ಕಿವಿಗೆ ಬಿದ್ದ ಕೂಡಲೇ ಅವಳ ತಲೆ ಓಡುವುದು ನಿಂತಿತ್ತು, ಅಷ್ಟೆ. ಅವಳು ಕೈ ಕೂಡ ಒರೆಸಿಕೊಳ್ಳದೆ ಹೊರಗೆ ಬಂದಳು.

"ಏನ್ರೀ, ಮಾವಶಿಯವರದು ದ್ವಾದಶಿ. ಜೂನ್‌ದಾಗ ಬರ್ತದ. ನಮ್ಮ ಅತ್ತಿಯವರದು ಅದರ ಹಿಂದಿನ ದಶಮಿ. ಅದು ಮೇದಾಗ ಹೆಂಗ ಬರ್ತದ?"

ರಾಯರು ಕನ್ನಡಕ ತೆಗೆದು ಒರೆಸತೊಡಗಿದರು. ಊರಿನ ತಿಥಿಯನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡ ಮನುಷ್ಯ ಸ್ವಂತ ತಾಯಿಯ ಶ್ರಾದ್ಧವನ್ನು ಅಧಿಕ ಮಾಸಕ್ಕೆ ತಂದು ಹಾಕಿದ್ದ. ಅಂಬುಬಾಯಿ ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ಅವಳ ಮುಖ ನೋಡಿದರು. ಏಳುವ ಮನಸ್ಸು ಮಾತ್ರ ಮಾಡಲಿಲ್ಲ.

"ಸುಳ್ಳು ಹೇಳಬೇಕಂತ ಹೇಳ್ಲಿಲ್ಲ ಗೋದಾ" ಎಂದರು ರಾಯರು ಕೊನೆಗೆ. "ಪಂಚಾಂಗ ತಗದೆ, ಶುದ್ಧ ದಶಮಿ ಕಂಡಿತು. ಅಧಿಕ ಅಂತ ಮ್ಯಾಲೆ ಬರೆದದ್ದು ಕಂಡರೂ ಕಾಣಲಿಲ್ಲ ಅನ್ನು. ಸಿಕ್ಕಿತಲ್ಲ ಒಂದು ಅಂತ ಜೀವಕ್ಕ ಹಾಯ್ ಅನಿಸ್ತು."

"ಅಂದ್ರ ನೀವು ಹೋಗೋ ಮನಸ್ಸನ್ನೇ ಮಾಡಿರಲಿಲ್ಲ."

"ಇಲ್ಲ."

"ಮತ್ತ ಎರಡು ತಿಂಗಳಿಂದ ಅದು ನೋಡು, ಇದು ನೋಡು ಅಂತ ನನಗ ಯಾಕ ಕುಣಿಸಿದ್ರಿ?"

ರಾಯರು ದೇವರ ಮನೆಯ ಕಡೆ ನೋಡಿದರು. "ಕಚೇರಿ ಮುಗೀತು. ಒಂದನೇ ತಾರೀಖಿನಿಂದ ನನಗ ಯಾರೂ ಕಾಯೂದಿಲ್ಲ. ಇದೊಂದು ಪೂಜಾ ಅದ. ಇದನ್ನೂ ಒಂದು ವಾರ ಬಿಟ್ಟು ಬಂದೆ, ಏನೂ ಆಗಲಿಲ್ಲ ಅಂದ್ರ ನಾ ಯಾತಕ್ಕ ಇದ್ದಂಗಾತು? ನನಗ ಭಯ ಆಗ್ತದ."

ಗೋದಾವರಿಗೆ ಸಿಟ್ಟು ನೆತ್ತಿಗೇರಿತ್ತು. ಈ ಮಾತು ಕೇಳಿ ಅದು ಇಳಿಯಲಿಲ್ಲ, ಆದರೆ ಬೈಯಲಿಕ್ಕೆ ನಾಲಿಗೆಯೂ ಏಳಲಿಲ್ಲ. ಇಷ್ಟು ವರ್ಷದಲ್ಲಿ ಗಂಡ ಭಯ ಎಂಬ ಶಬ್ದ ಆಡಿದ್ದನ್ನು ಅವಳು ಕೇಳಿರಲಿಲ್ಲ. ಗಂಡನ ಬಗ್ಗೆ ಕನಿಕರವಾಯಿತು. ಕನಿಕರಪಟ್ಟು ಉಳಿದುಬಿಟ್ಟರೆ ತಾನು ಕೊನೆಯವರೆಗೂ ಟಾಕಿಗೂ ತುಳಸಿಗೂ ನಡುವೆ ನಡೆಯುತ್ತಲೇ ಇರಬೇಕಾಗುತ್ತದೆ ಎಂದು ಅಷ್ಟೇ ನಿಚ್ಚಳವಾಗಿ ತೋರಿತು.

"ನೀವು ಇರ್ರಿ. ನಾ ಹೋಗ್ತೀನಿ" ಎಂದಳು.

"ಒಬ್ಬಾಕಿನ? ನೈವೇದ್ಯ?"

"ನಾ ಹೊರಗ ಕೂಡತಿದ್ದ ಆ ಮೂರು ಮೂರು ದಿನ ಏನ ಮಾಡತಿದ್ರಿ? ಹಾಲು ಸಕ್ಕರಿ ತೋರಸತಿದ್ರಿ. ದೇವರು ಒಮ್ಮೆನೂ ಸಿಟ್ಟಾಗಲಿಲ್ಲ. ಅನ್ನ ಸಾರು ಬೇಕಾಗಿದ್ದು ನಿಮಗರೀ, ದೇವರಿಗಲ್ಲ."

ಅಂಬುಬಾಯಿ ಇಷ್ಟು ಹೊತ್ತು ಬಾಯಿಗೆ ಸೆರಗು ಹಿಡಿದು ಕೂತವರು ಈಗ ಅದನ್ನು ತೆಗೆದರು. "ಅವಾ ಹಾಲಿನ ಸಮುದ್ರದಾಗ ಆರಾಮ ಮಲಗ್ಯಾನ. ನೀರಿಗೆ ಹೋಗ್ತೀನಂದ್ರ ಅವಂದೇನು ತಕರಾರು?" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ನಮ್ಮವರದು ಜೂನ್‌ದಾಗ ಅಂದಮ್ಯಾಲೆ ಮೇ ತಿಂಗಳು ನಾನೂ ಖಾಲಿನೇ ಇದ್ದೀನಿ. ಗೋದಾ, ಇನ್ನೊಬ್ಬರಿಗೆ ಟಿಕೇಟ್ ಸಿಗ್ತದೇನು ಕೇಳು" ಎಂದರು.

ದ್ವೀಪ ಯಾವುದೆಂಬುದು ಆ ಸಂಜೆಯೇ ನಿಶ್ಚಯವಾಯಿತು. ಸಂಪದಾ ಬಂದು, ಪೋರ್ಟ್ ಬ್ಲೇರಿನಿಂದ ಹೋಗಬಹುದಾದ ದ್ವೀಪಗಳನ್ನೆಲ್ಲ ನಕಾಶೆಯಲ್ಲಿ ತೋರಿಸಿದಳು. ಒಂದಕ್ಕೆ ಗಾಜಿನ ತಳದ ದೋಣಿ, ಒಂದಕ್ಕೆ ದೊಡ್ಡ ಹೋಟೆಲು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಗೋದಾವರಿಯ ಕಣ್ಣು ಅವೆಲ್ಲವನ್ನೂ ದಾಟಿ ಮೇಲಕ್ಕೆ ಹೋಯಿತು.

"ಇದು?"

"ಅದು ಲಾಂಗ್ ಐಲೆಂಡ್ ಅಮ್ಮಾ. ಅಲ್ಲೇನೂ ಇಲ್ಲ. ಅರ್ಧ ದಿನ ಬೋಟ್‌ದಾಗ ಕೂಡಬೇಕು. ಬೋಟೂ ದಿನಾ ಇರಂಗಿಲ್ಲಂತ. ಇವತ್ತು ಹೋದ್ರ ಇವತ್ತೇ ತಿರುಗಿ ಬರ್ಲಿಕ್ಕೆ ಆಗೂದಿಲ್ಲ."

"ಏನಂದಿ? ಇನ್ನೊಮ್ಮೆ ಹೇಳು."

ಸಂಪದಾ ಇನ್ನೊಮ್ಮೆ ಹೇಳಿದಳು. ಸುತ್ತಲೂ ನೀರು ಯಾಕೆ ಬೇಕಿತ್ತೆಂದು ಗೋದಾವರಿಗೆ ಆಗ ತಿಳಿಯಿತು. "ಇದನ್ನೇ ಮಾಡು" ಎಂದಳು.

ಉಳಿದ ದಿನಗಳಲ್ಲಿ ರಾಯರಿಗೆ ಅಡಿಗೆ ಪಾಠ ನಡೆಯಿತು. ಕುಕ್ಕರಿನ ಸೀಟಿಗೆ ಅವರು ಪ್ರತಿ ಸಲವೂ ಬೆಚ್ಚಿಬೀಳುತ್ತಿದ್ದರು. ಉಪ್ಪು ಹಾಕುವಾಗ ಪಂಚಾಂಗ ನೋಡುವವರಂತೆ ಕನ್ನಡಕ ಏರಿಸುತ್ತಿದ್ದರು. ಗೋದಾವರಿಗೆ ನಗು ಬರುತ್ತಿತ್ತು, ಅದರ ಹಿಂದೆಯೇ ಪಾಪ ಎನಿಸುತ್ತಿತ್ತು. ಹೊರಡುವ ಬೆಳಿಗ್ಗೆ ಅವರು ಶಂಷಾಬಾದಿನವರೆಗೆ ಕ್ಯಾಬಿನಲ್ಲಿ ಬಂದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ಚೀಲ ಕೊಡುವಾಗ, "ಅವಲಕ್ಕಿ ಸಾಕಷ್ಟು ಇಟಗೊಂಡಿಯಿಲ್ಲ?" ಎಂದರು. ತಿರುಗಿ ಹೋಗುವಾಗ ಗಡಿಯಾರ ನೋಡಿಕೊಂಡರು, ಪೂಜೆಯ ಹೊತ್ತಾಗಿತ್ತು.

ಇನ್ನು ದ್ವೀಪದಲ್ಲಿ ಗೋದಾವರಿಬಾಯಿ ಮೊದಲ ದಿನವೇ ಶಾಂತಳಾಗಿ ಕೂತಳೆಂದು ಹೇಳಿದರೆ ಅವಳನ್ನು ಬಲ್ಲವರು ಯಾರೂ ನಂಬಲಿಕ್ಕಿಲ್ಲ. ಅವಳು ಕೂಡಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು, ಸ್ನಾನ ಮಾಡಿ, ಯಾವ ಒಲೆ ಹಚ್ಚಲಿ ಎಂದು ಹುಡುಕಿದಳು. ಗೆಸ್ಟ್ ಹೌಸಿನ ಬಂಗಾಲಿ ಹೆಂಗಸಿನ ಕೈಯಿಂದ ಕಸಬರಿಗೆ ಕಸಿದುಕೊಂಡು ಅಂಗಳ ಗುಡಿಸಿದಳು, ಅವಳ ಸೊಪ್ಪು ಬಿಡಿಸಿಕೊಟ್ಟಳು. ಮಳೆ ಬಿಟ್ಟಾಗ ದಂಡೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಳು. ಅಂಬುಬಾಯಿ ಜೆಟ್ಟಿಯ ಮೆಟ್ಟಿಲ ಮೇಲೆ ಕೂತು, ಸೀರೆ ಮೊಣಕಾಲಿಗೆ ಏರಿಸಿ, ಹುಣ್ಣಿಮೆಯೂ ಅಲ್ಲದ ಅಮಾವಾಸ್ಯೆಯೂ ಅಲ್ಲದ ದಿನ ನೀರಿನಲ್ಲಿ ಕಾಲಾಡಿಸುತ್ತ, "ಕೂಡ ಬಾರವ್ವಾ, ನಿನ್ನ ನೋಡಿ ನನಗ ದಣಿವಾಗ್ಲಿಕ್ಕತ್ತದ" ಎಂದು ಕೂಗುವರು.

ಎರಡನೆಯ ಬೆಳಿಗ್ಗೆ ಅವಳಿಂದ ತಡೆಯಲಾಗಲಿಲ್ಲ. ಗಂಡ ಉಂಡರೋ ಇಲ್ಲವೋ, ಗ್ಯಾಸು ಬಂದ್ ಮಾಡಿದರೋ ಇಲ್ಲವೋ. ನೇರ ಜೆಟ್ಟಿಯ ಟಿಕೇಟ್ ಕಿಟಕಿಗೆ ಹೋಗಿ, ಪೋರ್ಟ್ ಬ್ಲೇರಿಗೆ ಬೋಟು ಎಷ್ಟೊತ್ತಿಗೆ ಎಂದು ಹಿಂದಿಯಲ್ಲಿ ಕೇಳಿದಳು. ಒಳಗಿದ್ದವನು ಆಕಳಿಸುತ್ತ, "ಆಜ್ ನಹೀ. ಕಲ್ ಭೀ ನಹೀ. ಪರ್ಸೋ" ಎಂದ.

ಇವತ್ತೂ ಇಲ್ಲ, ನಾಳೆಯೂ ಇಲ್ಲ, ಬೋಟು ಇನ್ನು ನಾಡಿದ್ದೇ. ಅವಳು ಮೆಟ್ಟಿಲಿಳಿದು ಬಂದು ಅಂಬುಬಾಯಿಯ ಪಕ್ಕದಲ್ಲಿ ಕೂತಳು. ಹಸಿರು ನೀರು ಮೆಟ್ಟಿಲಿಗೆ ಬಡಿದು ಹಿಂದೆ ಹೋಗುತ್ತಿತ್ತು. ನಡೆಯಬೇಕು ಎಂದು ಕಾಲು ತುಡಿಯುತ್ತಲೇ ಇದ್ದವು, ಆದರೆ ಹೋಗಲಿಕ್ಕೆ ಎಲ್ಲಿಯೂ ಇರಲಿಲ್ಲ. ನೈವೇದ್ಯದ ಹೊತ್ತು ಬಂತು, ಹೋಯಿತು. ಅವಳು ಏಳಲಿಲ್ಲ.

ಆ ಜೆಟ್ಟಿಯ ಹತ್ತಿರವಷ್ಟೇ ಸಿಗ್ನಲ್ ಸಿಗುತ್ತಿತ್ತು. ಮಧ್ಯಾಹ್ನ ಫೋನ್ ಬಂತು.

"ಗೋದಾ, ಸಾರಿಗೆ ಹುಣಸಿಹಣ್ಣು ಎಷ್ಟು? ನಿನ್ನೆ ಬಾಯಾಗ ಇಡಲಿಕ್ಕೆ ಆಗಲಿಲ್ಲ."

ಅವಳು ಹೇಳಿದಳು. ಪೂಜೆ ಆಯಿತೇ ಎಂದು ಕೇಳಿದಳು. ಆಯಿತು, ಅನ್ನದ್ದೇ ನೈವೇದ್ಯ ಮಾಡಿದೆ, ಸ್ವಲ್ಪ ತಳ ಹಿಡಿದಿತ್ತು ಎಂದರು. ಆಮೇಲೆ ರಾಯರ ದನಿ ಇಳಿಯಿತು.

"ಮನಿ ಭಾಳ ಬಣಬಣ ಅನಸ್ತದ. ಹಂಪಮ್ಮ ಬಂದು ಹೋದ್ಲಂದ್ರ ಮಾತಿಲ್ಲ ಕತಿಯಿಲ್ಲ. ನೋಡಿದ್ದಾತಲ್ಲ ಸಮುದ್ರ? ನಾಳೆ ಹೊರಟು ಬಂದ್ರ ನಡಿಯೂದಿಲ್ಲೇನು?"

ಗೋದಾವರಿಗೆ ಇನ್ನೊಂದು ದಿನ ನೆನಪಾಯಿತು. ಸುರಪುರದ ಆ ಮಂಚ, ಅಪ್ಪನ ಒಣಗಿದ ಕೈ, ಹೊರಗೆ ಹಾರನ್ ಹೊಡೆಯುತ್ತಿದ್ದ ಸಂಜೆಯ ಬಸ್ಸು. ಬಂದದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

"ಬೋಟ್ ಇಲ್ರೀ" ಎಂದಳು.

ರಾಯರಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಅವಳು ಕಾಲನ್ನು ನೀರಿಗೆ ಇಳಿಬಿಟ್ಟು ಇನ್ನೊಮ್ಮೆ ಹೇಳಿದಳು.

"ಬೋಟ್ ಇಲ್ಲ."